ಹಳದಿ ವ್ಯಾನಿನಲ್ಲಿ ಸಂಸಾರ

ನನ್ನ ಗಂಡ ವಿಜಯಪುರದಲ್ಲಿ ಹನಿ ನೀರಾವರಿ ಪೈಪು ಮಾರುತ್ತಾರೆ. ಟಿಕೋಟಾ, ಬಬಲೇಶ್ವರದ ಆಚೆ ಗಾಡಿ ಓಡಿಸಿದ್ದು ಕಡಿಮೆ. ಹೋದ ವರ್ಷ ಯಾರೋ ವಿದೇಶಿ ದಂಪತಿ ವ್ಯಾನಿನಲ್ಲೇ ಮನೆ ಮಾಡಿಕೊಂಡು, ಮಕ್ಕಳೊಂದಿಗೆ ಮರುಭೂಮಿ, ಪರ್ವತ ಸುತ್ತುವ ವಿಡಿಯೊ ನೋಡಿದರು. ಅಂದಿನಿಂದ ನಮ್ಮ ಮಕ್ಕಳು ನಾಲ್ಕು ಗೋಡೆಗಳ ನಡುವೆ ಹಾಳಾಗುತ್ತಿದ್ದಾರೆ ಎಂಬ ಚಿಂತೆ ಹತ್ತಿತು. ಆ ಗೋಡೆಗಳ ನಡುವೆ ನನ್ನ ಗಂಡ ಎಚ್ಚರವಿರುವುದು ದಿನಕ್ಕೆ ಎರಡು ತಾಸು, ಅದೂ ಫೋನಿನ ಜೊತೆ.

ಹಳೆಯ ಶಾಲಾ ವ್ಯಾನೊಂದನ್ನು ತಂದರು. ಸೊಲ್ಲಾಪುರ ರಸ್ತೆಯ ವರ್ಕ್‌ಶಾಪಿನಲ್ಲಿ ಸೀಟು ಕಿತ್ತಿಸಿ ಎರಡು ಮಂಚ, ಗ್ಯಾಸ್ ಒಲೆ, ಮೂಲೆಯಲ್ಲಿ ಬೀರುವಿನಷ್ಟಗಲದ ಪಾಯಖಾನೆ ಕೂಡಿಸಿದರು. ಹಳದಿ ಬಣ್ಣ ಮಾತ್ರ ಹಾಗೇ ಉಳಿಯಿತು. ದಸರಾ ರಜೆಯ ಮೊದಲ ದಿನ ಅದನ್ನು ಕಂಡ ನಾಲ್ಕು ವರ್ಷದ ಮಗ, ರಜೆಯಲ್ಲೂ ಸಾಲಿಗೆ ಒಯ್ಯುತ್ತಾರೆಂದು ಗೇಟು ಹಿಡಿದುಕೊಂಡು ಅತ್ತ.

ನಿಡೋಣಿಯಿಂದ ಬಂದ ಅತ್ತೆ ತಿಂಗಳಾದರೂ ಕೆಡದ ಕಟಿ ರೊಟ್ಟಿ ಎರಡು ಚೀಲ ಏರಿಸಿದರು. ಇಡಲು ಜಾಗವಿದ್ದದ್ದು ಪಾಯಖಾನೆಯಲ್ಲಿ ಮಾತ್ರ. ಅದನ್ನು ತೊಳೆಯುವ ಕೆಲಸ ತಮ್ಮ ಪಾಲಿಗೆ ಬರುತ್ತದೆಂದು ಅಷ್ಟರಲ್ಲಿ ಅರಿತಿದ್ದ ನನ್ನ ಗಂಡ, ರೊಟ್ಟಿಯನ್ನು ಅಲ್ಲಿಟ್ಟು ಖುಷಿಯಿಂದ ಬೀಗ ಜಡಿದರು. ಅತ್ತೆಗೆ ಇದು ಇನ್ನೂ ಗೊತ್ತಿಲ್ಲ. ರಾಜಸ್ಥಾನದವರೆಗೆ ನಾನು ದೇವರ ದರ್ಶನಕ್ಕೆ ಕಾದಂತೆ ಪೆಟ್ರೋಲ್ ಪಂಪಿಗೆ ಕಾದೆ.

ಐದನೇ ದಿನ ಜೈಸಲ್ಮೇರಿನ ಆಚೆ ಮರಳಿನ ದಿಬ್ಬಗಳು ಕಂಡವು. ನಾನೂ ಚಪ್ಪಲಿ ಬಿಟ್ಟು ಕೆಳಗಿಳಿದೆ. ಇವರು ಫೋನು ಎತ್ತಿ ಹಿಡಿದು, ಏನನಿಸುತ್ತದೆ ಎಂದು ಮಗನನ್ನು ಕೇಳಿದರು.

“ಇಲ್ಲೆ ಯಾರ ಮನಿ ಕಟ್ಟಾಕತ್ತಾರ?” ಎಂದ ಅವನು.

ಅವನು ಅಲ್ಲಿಯವರೆಗೆ ನೋಡಿದ ಉಸುಕೆಲ್ಲ ಯಾವುದಾದರೂ ಹೊಸ ಮನೆಯ ಮುಂದೆ ಸುರಿದದ್ದೇ. ಆದರೆ ಆ ಉತ್ತರ ವಿಡಿಯೊಗೆ ನಡೆಯುವಂತಿರಲಿಲ್ಲ. ಬಹಳ ಚೆಂದ ಇದೆ ಎಂದು ಹೇಳಲು ಮೂರು ಸಲ ಕಲಿಸಿದರು. ನಾಲ್ಕನೇ ಸಲಕ್ಕೆ ಮಗ ಉಸುಕು ತಿಂದ.

ಹಿಮಾಚಲದ ಘಾಟಿನ ತಿರುವುಗಳು ಶುರುವಾದಾಗ ಏಳು ವರ್ಷದ ಮಗಳಿಗೆ ವಾಂತಿ. ದೂರ ನೋಡಿದರೆ ಏನೂ ಆಗುವುದಿಲ್ಲ ಎಂದು ಇವರು ಡ್ರೈವರ್ ಸೀಟಿನಿಂದಲೇ ಉಪದೇಶ ಮಾಡುತ್ತಿದ್ದರು. ಒಂದು ತಿರುವಿನಲ್ಲಿ ತಾವೇ ಕೆಳಗಿನ ಕಂದರ ನೋಡಿದರು. ಮುಂದೆ ಸಿಕ್ಕ ಚಹಾದಂಗಡಿಯ ಬಳಿ ವ್ಯಾನು ನಿಲ್ಲಿಸಿ, ಇಂಜಿನ್ನಿಗೆ ವಿಶ್ರಾಂತಿ ಬೇಕು ಎಂದರು. ಇಂಜಿನ್ನಿಗೆ ಏನೂ ಆಗಿರಲಿಲ್ಲ, ಇವರು ಕಂದರಕ್ಕೆ ಬೆನ್ನು ಹಾಕಿ ಕೂತರು. ಒಂದು ತಾಸಾದರೂ ಏಳಲಿಲ್ಲ.

ಮದುವೆಗೆ ಮುಂಚೆ ಬಬಲೇಶ್ವರದಲ್ಲಿ ನಾನು ಅಪ್ಪನ ಟ್ರ್ಯಾಕ್ಟರ್ ಹೊಡೆಯುತ್ತಿದ್ದೆ. ಮದುವೆಯಾದ ಮೇಲೆ ಲೈಸೆನ್ಸ್ ಬೀರುವಿನಲ್ಲಿ, ನಾನು ಪಕ್ಕದ ಸೀಟಿನಲ್ಲಿ. ಅಂದು ಚಾವಿ ಕೇಳಿದೆ. ಇವರು ಜೇಬಿನಿಂದ ತೆಗೆದು ಕೊಟ್ಟರು. ಮೊದಲ ತಿರುವನ್ನು ಮೊದಲ ಗೇರಿನಲ್ಲೇ ಇಳಿದೆ. ಆದರೆ ನಾಲ್ಕೈದು ತಿರುವು ಇಳಿದ ಮೇಲೆ, ಹೇಳಬಾರದು, ಭಾರೀ ಸುಖವೆನಿಸಿತು.

ಹಿಂದೆ ಮಂಚದ ಮೇಲೆ ಮಕ್ಕಳ ನಡುವೆ ಕೂತ ಇವರು ತಿರುವಿಗೊಮ್ಮೆ ಸಾವಕಾಶ, ಸಾವಕಾಶ ಎನ್ನುತ್ತಿದ್ದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು. ಮಗಳು ಪ್ಲಾಸ್ಟಿಕ್ ಚೀಲ ಬಿಡಿಸಿ ಇವರ ಕೈಗೆ ಕೊಟ್ಟದ್ದು ಕನ್ನಡಿಯಲ್ಲಿ ಕಂಡಿತು.

“ಅಪ್ಪಾ, ದೂರ ನೋಡ. ಏನೂ ಆಗಾಂಗಿಲ್ಲ.”

ಆಯಿತು. ಎರಡು ಸಲ ಆಯಿತು.

ಊರಿಗೆ ಮರಳಿದ ಮರುವಾರ ಬಬಲೇಶ್ವರದ ತವರಿಗೆ ಹೋದೆವು. ಇವರು ಅಪ್ಪನೆದುರು ಕಾಲು ಚಾಚಿ ಕೂತು ಹಿಮಾಲಯದ ಕಥೆ ಬಿಚ್ಚಿದರು.

“ಘಾಟಿನ್ಯಾಗ ಗಾಡಿ ಹೊಡಿಬೇಕಂದ್ರ ಎದಿ ಗಟ್ಟಿ ಇರಬೇಕ ನೋಡ್ರಿ, ಮಾವಾರ.”

“ಅಲ್ಲೆ ಅವ್ವ ಹೊಡದಾಳ, ಮುತ್ಯಾ,” ಎಂದಳು ಮಗಳು.

ಅಪ್ಪ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಗಂಡ ಚಹಾ ಕುಡಿದು, ಸಕ್ಕರೆ ಸ್ವಲ್ಪ ಕಡಿಮೆಯಾಗಿದೆ ಎಂದರು.