ಹೊಸ ಎಂಜಿನ್ ಮತ್ತು ಕಮಲಮ್ಮನವರ ಎಡಗೈ

ಗೆಳೆಯರೇ, ನನಗೂ ನನ್ನ ಜೊತೆ ಕೆಲಸ ಮಾಡುವ ಸುಮಾಗೂ ಎಷ್ಟೋ ದಿನದಿಂದ ನಡೆಯುತ್ತಿದ್ದ ಜಗಳ ಇವತ್ತು ಭದ್ರಾವತಿಗೆ ಹೋಗಿಬಂದ ಮೇಲೆ ಮುಗಿಯಿತು.

ಪಾರ್ಶ್ವವಾಯು ಆದವರ ಕೈಗೆ ವ್ಯಾಯಾಮ ಸಿಗಲೆಂದು ನಾವಿಬ್ಬರೂ ಒಂದು ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ಕ್ಯಾಮೆರಾದ ಮುಂದೆ ಕೈ ಎತ್ತಿದರೆ ಪರದೆಯ ಮೇಲಿನ ಮಲ್ಲಿಗೆ ಗಿಡದಿಂದ ಹೂ ಕೀಳಬಹುದು. ಅದಕ್ಕೆ ಬಳಸಿರುವುದು ಇನ್ನೂ ಬೆಳೆಯುತ್ತಲೇ ಇರುವ ಒಂದು ಓಪನ್ ಸೋರ್ಸ್ ಗೇಮ್ ಎಂಜಿನ್, ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಿ ತಿದ್ದಬಹುದಾದ, ಗೇಮನ್ನು ನಡೆಸುವ ತಂತ್ರಾಂಶ.

"ಅದಿನ್ನೂ ಪಕ್ಕಾ ಆಗಿಲ್ಲ ಮಾರಾಯ, ರೋಗಿಗಳಿಗೆ ಕೊಡೋದು ಬೇಡ" ಎಂಬುದು ಸುಮಾಳ ವಾದ.

"ಸಣ್ಣಪುಟ್ಟ ತೊಂದ್ರೆ ಎಲ್ಲದ್ರಲ್ಲೂ ಇರುತ್ತೆ" ಎಂಬುದು ನನ್ನದು.

ಇವತ್ತು ಭದ್ರಾವತಿಯ ಕಮಲಮ್ಮನವರ ಮನೆಗೆ ಹೋಗಿ ಆಡಿಸಿದೆವು. ಅವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿದವರು. ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ತಪ್ಪಿದೆ. ತುಟಿ ಕಚ್ಚಿಕೊಂಡು, ಬೆವರುತ್ತಾ, ಆ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿಯೇ ಬಿಟ್ಟರು. ಅದೇ ಹೊತ್ತಿಗೆ ಎಂಜಿನ್ ಕೈಕೊಟ್ಟಿತು. ಪರದೆ ನಿಂತುಹೋಯಿತು. ಹೂವು ಅಲುಗಲಿಲ್ಲ.

ಕಮಲಮ್ಮ ಮೆಲ್ಲಗೆ ಕೈ ಇಳಿಸಿದರು. "ಸುಮ್ನೆ ನಿಮಗೆ ತೊಂದ್ರೆ ಕೊಟ್ಟೆ ಕಣಪ್ಪ. ಈ ಕೈ ಇನ್ನು ಬರಲ್ಲ ಬಿಡಿ."

"ಇಲ್ಲಮ್ಮ, ನಿಮ್ಮ ಕೈ ಮೇಲೆ ಬಂತು. ಕೆಟ್ಟಿದ್ದು ನಮ್ಮ ಗೇಮು" ಎಂದು ಸುಮಾ ಮತ್ತೆ ಮತ್ತೆ ಹೇಳಿದಳು. ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡು ನಕ್ಕರು.

ಶಿವಮೊಗ್ಗಕ್ಕೆ ವಾಪಸಾಗಿ ಬಸ್ಸಿಳಿದ ಮೇಲೆ ನಾನೇ ಹೇಳಿದೆ: "ಸದ್ಯಕ್ಕೆ ಬಿಡುಗಡೆ ಬೇಡ." ಸುಮಾ ತಲೆಯಾಡಿಸಿದಳಷ್ಟೆ.

ಎಂಜಿನ್ ಮಾಡಿದವರಿಗೆ ದೋಷವನ್ನು ಬರೆದು ತಿಳಿಸಿದ್ದೇನೆ, ಯಾರಾದರೂ ಸರಿಮಾಡಿಯಾರು. ಆದರೆ ಇನ್ನೊಮ್ಮೆ ಕೈ ಎತ್ತಿ ಎಂದು ಕಮಲಮ್ಮನವರನ್ನು ಕೇಳಲು ಯಾವ ಮುಖ ಹೊತ್ತು ಹೋಗಲಿ?