ಬಿಸಿಲ ಕಡೆಯ ಬೇಲಿ

1998ರ ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ, ಲಂಡನ್ನಿನ ವಾಯವ್ಯ ಅಂಚಿನಲ್ಲಿ, ಸ್ಟ್ಯಾನ್ಮೋರ್ ದಾಟಿದ ಮೇಲೆ ಸಿಗುವ ಹುಲ್ಲುಗಾವಲೊಂದರಲ್ಲಿ ಕಾಕಾ ಆ ಹೊಲದಲ್ಲಿನ ತಮ್ಮ ಕೊನೆಯ ಗುಂಡಿಯನ್ನು ಮುಚ್ಚಿದರು. ಕಿತ್ತ ಹುಲ್ಲಿನ ಹೆಂಟೆಯನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಿ, ಕಾಲಿನಿಂದ ತುಳಿದು ಸಮ ಮಾಡಿದರು. ಆಮೇಲೆ ಬಲ ಮೊಣಕಾಲಿಗೆ ಕಟ್ಟಿಕೊಂಡಿದ್ದ ಸೈಕಲ್ ಟೈರಿನ ತುಂಡನ್ನು ಬಿಚ್ಚಿದರು. ನೆಲಕ್ಕೆ ಊರಿ ಊರಿ ಆ ಮೊಣಕಾಲಿನ ಕಡೆ ಪ್ಯಾಂಟು ಎರಡು ಸಲ ಹರಿದು, ಅವರ ಹೆಂಡತಿ ಕಾಕು ಎರಡು ಸಲ ತೇಪೆ ಹಾಕಿ, ಮೂರನೆಯ ಸಲ ಆಗುವುದಿಲ್ಲ ಎಂದಿದ್ದರು. ಟೈರು ಬಂದದ್ದು ಹಾಗೆ.

ಕಾಕಾ ನನಗೆ ಸಂಬಂಧಿಯಲ್ಲ. ವೆಂಬ್ಲಿಯಲ್ಲಿದ್ದ ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು 1994ರಿಂದ ಬಾಡಿಗೆಗಿದ್ದೆ. ಅವರು ವಿಜಾಪುರದ ಕಡೆಯವರು. ಟ್ಯೂಬ್ ರೈಲಿನ ಡಿಪೊದಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾಗಿದ್ದರು. ನಾನು ಸುದ್ದಿಸಂಸ್ಥೆಯೊಂದರ ಡೆಸ್ಕಿನಲ್ಲಿದ್ದುದರಿಂದ ನನ್ನನ್ನು ‘ಪೇಪರ್‌ನವರ’ ಎಂದೇ ಕರೆಯುತ್ತಿದ್ದರು. ಡಿಪೊದಲ್ಲಿ ಯಾರ ನಟ್ಟು ಬೋಲ್ಟು ಕಳೆದರೂ ಹುಡುಕಿಕೊಡುತ್ತಿದ್ದವರು ಇವರೇ ಆದ್ದರಿಂದ, ನಿವೃತ್ತಿಯ ದಿನ ಗೆಳೆಯರು ಗಡಿಯಾರದ ಬದಲು ತಮಾಷೆಗೆಂದು ನೆಲದಡಿ ಲೋಹವಿದ್ದರೆ ಕೂಗುವ ಹಳೆಯದೊಂದು ಮೆಟಲ್ ಡಿಟೆಕ್ಟರ್ ಕೊಟ್ಟರಂತೆ. ಕಾಕಾ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಕಾಕುಗೆ ಮೊದಲಿನಿಂದಲೂ ಇದು ಸರಿಬರಲಿಲ್ಲ. “ಊರಿಗೆ ಫೋನ್ ಮಾಡಿದಾಗ ಇದರ ಸುದ್ದಿ ತೆಗೀಬ್ಯಾಡ್ರಿ. ಲಂಡನ್ನಿಗೆ ಹೋಗಿ ನಿಧಿ ತೆಗ್ಯಾಕತ್ತಾನ ಅಂತಾರ ಮಂದಿ,” ಎಂದು ಎಚ್ಚರಿಸಿದ್ದರು. ಆದರೆ ಕಾಕಾ ತರುತ್ತಿದ್ದುದು ನಿಧಿಯಲ್ಲ. ಹೆಚ್ಚಾಗಿ ಹಳೇ ಅಂಗಿ, ಕೋಟುಗಳಿಂದ ಉದುರಿದ ಗುಂಡಿಗಳು. ಅದು ತಿಳಿದ ಮೇಲೆ ಕಾಕುವಿನ ಮಾತು ಬದಲಾಯಿತು. “ನಮ್ಮವರು ಗುಂಡಿ ತೋಡಿ ಗುಂಡಿ ತರ್ತಾರ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕಾಕಾ ಆ ಮಾತಿಗೆ ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಡಿಟೆಕ್ಟರ್ ಕೈಯಲ್ಲಿದ್ದವರೆಲ್ಲ ಸಿಕ್ಕ ಹೊಲಕ್ಕೆ ಇಳಿಯುತ್ತಾರೆ, ಕಾಕಾ ಹಾಗೆ ಇಳಿಯುತ್ತಿರಲಿಲ್ಲ. ಮೊದಲು ಕೌನ್ಸಿಲ್ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಅಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಸರ್ವೆ ನಕ್ಷೆಗಳಿದ್ದವು. ಒಂದು ಮೈಲಿಯನ್ನು ಇಪ್ಪತ್ತೈದು ಅಂಗುಲಕ್ಕೆ ಬಿಡಿಸಿದಂಥವು. ಪ್ರತಿ ಹೊಲಕ್ಕೂ ನಂಬರು, ಬೇಲಿಯೊಳಗಿನ ಒಂದೊಂದು ಮರಕ್ಕೂ ಒಂದೊಂದು ಗುರುತು, ಬಾವಿ, ಕಾಲುದಾರಿ, ಎಲ್ಲ ಇರುತ್ತಿತ್ತು. “ನಮ್ಮ ತಲಾಠಿ ಚಾವಡಿಯೊಳಗಿನ ನಕಾಶೆ ಇದ್ದಂಗ ಅದ ನೋಡ್ರಿ,” ಎಂದು ನನಗೆ ಮೊದಲ ಸಲ ತೋರಿಸಿದಾಗ ಅವರ ದನಿಯಲ್ಲಿ ಊರಿನ ಯಾರನ್ನೋ ಕಂಡಂಥ ಗುರುತಿತ್ತು.

ಹಳೆ ನಕ್ಷೆಯ ಝೆರಾಕ್ಸ್ ತೆಗೆಸಿ, ಈಗಿನ ನಕ್ಷೆಯನ್ನು ಅದೇ ಅಳತೆಗೆ ಹಿಗ್ಗಿಸಿ, ಎರಡನ್ನೂ ಒಂದರ ಮೇಲೊಂದು ಅಡುಗೆಮನೆಯ ಕಿಟಕಿ ಗಾಜಿಗೆ ಅಂಟಿಸುತ್ತಿದ್ದರು. ಹೊರಗಿನ ಬೆಳಕಿಗೆ ಎರಡೂ ಒಟ್ಟಿಗೆ ಕಾಣಿಸುತ್ತಿದ್ದವು. ಚರ್ಚು, ರೈಲ್ವೆ ಸೇತುವೆ ಹೊಂದುವ ತನಕ ಕಾಗದವನ್ನು ಸರಿಸುತ್ತಿದ್ದರು. “ಬೇಲಿ ಹೋಗ್ತಾವ, ಮನಿ ಹೋಗ್ತಾವ. ಗುಡಿ, ಸೇತುವಿ ಜರಗಂಗಿಲ್ಲ.” ಒಲೆಯ ಮುಂದೆ ಕತ್ತಲಾಗುತ್ತಿತ್ತು. ಕಾಕು ಹಗಲಲ್ಲೇ ದೀಪ ಹಾಕಿಕೊಂಡು ರೊಟ್ಟಿ ಬಡಿಯುತ್ತ, “ಕರೆಂಟ್ ಬಿಲ್ಲು ವಿಕ್ಟೋರಿಯಾ ರಾಣಿ ಹೆಸರಿಗೆ ಕಳಸ್ರಿ,” ಎನ್ನುತ್ತಿದ್ದರು.

ಗಾಜಿನ ಮೇಲೆ ಕಾಕಾ ಹುಡುಕುತ್ತಿದ್ದುದು ಊರು, ಕೋಟೆಗಳನ್ನಲ್ಲ. ಜನ ನಿಲ್ಲುವ ಜಾಗಗಳನ್ನು. ಎರಡು ಕಾಲುದಾರಿ ಕೂಡುವಲ್ಲಿ, ಬೇಲಿ ದಾಟಲು ಮರದ ಮೆಟ್ಟಿಲು ಇಟ್ಟಲ್ಲಿ, ಬಾವಿಯ ಬಳಿ. “ನಡದಲ್ಲಿ ಏನೂ ಬೀಳಂಗಿಲ್ರಿ. ನಿಂತಲ್ಲಿ ಬೀಳ್ತದ. ಕುಂತಲ್ಲಿ ಇನ್ನೂ ಜಾಸ್ತಿ ಬೀಳ್ತದ.” ಇದು ಅವರ ಸಿದ್ಧಾಂತ. ನನಗೆ ರಜೆಯಿದ್ದ ಭಾನುವಾರಗಳಲ್ಲಿ ಸಲಿಕೆ ಹಿಡಿದುಕೊಂಡು ಜೊತೆಗೆ ಹೋಗುತ್ತಿದ್ದೆ. ಅವರು ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕುತ್ತಿದ್ದರು. ಇನ್ನೊಂದು ಕಿವಿ ಹೊಲದವರು ಕೂಗಿದರೆ ಕೇಳಲಿ ಎಂದು ಖಾಲಿ.

ಸ್ಟ್ಯಾನ್ಮೋರ್ ಆಚೆಯ ಆ ಹೊಲ ಕೌನ್ಸಿಲಿನದು. ವಯಸ್ಸಾದ ರೈತನೊಬ್ಬ ತಂದೆಯ ಕಾಲದಿಂದ ಅದನ್ನು ಗುತ್ತಿಗೆಗೆ ಮಾಡುತ್ತಿದ್ದ. ಹೊಲದಲ್ಲಿ ಹುಡುಕಲು ಅನುಮತಿ ಕೇಳಿದಾಗ ಉಳಿದ ರೈತರು ಬಾಗಿಲಲ್ಲೇ ‘ಇಲ್ಲ’ ಎಂದಿದ್ದರು. ಈತ ಮಾತ್ರ ಗೇಟು ಹಾಕಬೇಕು, ಗುಂಡಿ ಮುಚ್ಚಬೇಕು ಎಂದು ಎರಡೇ ಮಾತಿನಲ್ಲಿ ಒಪ್ಪಿದ. ಕಾಕಾ ನಮ್ಮೊಳಗೆ ಅವನನ್ನು ‘ಗೌಡರು’ ಎನ್ನುತ್ತಿದ್ದರು, ಅವನ ಹೆಂಡತಿಯನ್ನು ‘ಗೌಡತಿ’ ಎನ್ನುತ್ತಿದ್ದರು. ದೀಪಾವಳಿಗೆ ಕಾಕು ಮಾಡಿದ ಶೇಂಗಾ ಹೋಳಿಗೆ ಆ ಮನೆಗೆ ತಪ್ಪದೆ ಹೋಗುತ್ತಿತ್ತು.

1996ರ ಬೇಸಿಗೆಯಲ್ಲಿ, ಗೌಡರು ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿದ್ದ ಹೊತ್ತು ನೋಡಿ ಗೌಡತಿ ಹೊಲಕ್ಕೆ ಬಂದರು. ಕಾಕಾರನ್ನು ಕೇಳಿದರು: “ಚಿನ್ನ ಸಿಗುತ್ತದೆಯೇ ಇದರಲ್ಲಿ?”

“ಇದ್ದರೆ ಸಿಗುತ್ತದೆ, ಮೇಡಂ.”

“ಇದೆ. ನಾನೇ ಬೀಳಿಸಿದ್ದೇನೆ.”

ಮದುವೆಯಾದ ಮೊದಲ ಬೇಸಿಗೆಯಂತೆ. ಯುದ್ಧ ಆಗಷ್ಟೇ ಮುಗಿದಿತ್ತು. ಕೊಯ್ದ ಹುಲ್ಲನ್ನು ಎಲ್ಲರೂ ಸೇರಿ ಎಳೆದು ಒಣಗಿಸುತ್ತಿದ್ದರು. ಊಟಕ್ಕೆ ಕೂತಾಗ ಬೆರಳು ಊದಿತ್ತೆಂದು ಮದುವೆಯ ಉಂಗುರ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಯಾರೋ ಕರೆದರು, ಎದ್ದರು. ಮುಂದಿನ ವಾರ ಸಂತೆಯಲ್ಲಿ ಹಿತ್ತಾಳೆಯದೊಂದು ಉಂಗುರ ಕೊಂಡು ಹಾಕಿಕೊಂಡರು. ಅಂದಿನಿಂದ ಇಂದಿನವರೆಗೆ ಕೈಯಲ್ಲಿದ್ದುದು ಅದೇ. ಗಂಡನಿಗೆ ಹೇಳಿರಲಿಲ್ಲ.

“ಎಲ್ಲಿ ಕೂತಿದ್ದಿರಿ?”

“ಬೇಲಿಯ ಹತ್ತಿರ. ಯಾವಾಗಲೂ ಅಲ್ಲೇ ಉಣ್ಣುತ್ತಿದ್ದೆವು. ಅವನಿಗೆ ಗೊತ್ತಾಗಬಾರದು.”

ಕಾಕಾ ಮಾತು ಕೊಟ್ಟರು. ಬೇಲಿಯಲ್ಲಿ ದೊಡ್ಡದೊಂದು ಓಕ್ ಮರವಿತ್ತು. ಅದರ ಬುಡದಿಂದ ಶುರು ಮಾಡಿ, ಮರದ ನೆರಳು ಬೀಳುವ ಕಡೆ ಗೇಣು ಗೇಣಾಗಿ ಹುಡುಕಿದರು. ಚಿನ್ನದ ಉಂಗುರಕ್ಕೂ ತಂಪುಪಾನೀಯದ ಡಬ್ಬಿಯಿಂದ ಕಿತ್ತ ಕೊಂಡಿಗೂ ಯಂತ್ರ ಒಂದೇ ಥರ ಕೂಗುತ್ತದೆ. ಹಾಗಾಗಿ ಕೂಗಿದ್ದನ್ನೆಲ್ಲ ಅಗೆಯಬೇಕಿತ್ತು. ಎರಡು ಬೇಸಿಗೆ ಹೋಯಿತು. ಡಬ್ಬಿಯ ಕೊಂಡಿಗಳು ಬಕೆಟ್ಟು ತುಂಬಿದವು.

1998ರ ವಸಂತದಲ್ಲಿ ಕೌನ್ಸಿಲಿನಿಂದ ತಿಳಿವಳಿಕೆ ಬಂತು: ಸೆಪ್ಟೆಂಬರ್ ಕೊನೆಗೆ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ, ಅಲ್ಲಿ ಆಟದ ಮೈದಾನ ಬರುತ್ತದೆ. ಗೌಡರಿಗೂ ವಯಸ್ಸಾಗಿತ್ತು, ಸಟನ್‌ನಲ್ಲಿದ್ದ ಮಗಳ ಮನೆಯ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು. ಗೌಡತಿ ಕಾಕಾರ ಬಳಿ ಒಂದೇ ಮಾತು ಹೇಳಿದರು. “ಅದನ್ನು ಇಲ್ಲೇ ಬಿಟ್ಟು ಹೋಗಲು ನನಗೆ ಇಷ್ಟವಿಲ್ಲ.” ಆಮೇಲೆ ಕಾಕಾ ಶನಿವಾರವೂ ಹೋಗತೊಡಗಿದರು.

ಜುಲೈ ತಿಂಗಳ ಒಂದು ಭಾನುವಾರ ಗೌಡತಿ ನಮಗೆ ಚಹಾ ತಂದರು. ಕಾಕಾ ಓಕ್ ಮರದ ಕೆಳಗೆ ಮೊಣಕಾಲೂರಿ ಕೂತಿದ್ದರು.

“ಎರಡು ವರ್ಷದಿಂದ ಕೇಳಬೇಕೆಂದಿದ್ದೆ. ಯಾವಾಗಲೂ ಅಲ್ಲೇ ಯಾಕೆ ಹುಡುಕುತ್ತೀರಿ?”

“ಊಟಕ್ಕೆ ನೆರಳಿಗೆ ಕೂತಿದ್ದಿರಲ್ಲ.”

“ನೆರಳಿಗೆ ಅಂತ ಯಾರು ಹೇಳಿದರು?” ಗೌಡತಿ ಚಹಾದ ಲೋಟವನ್ನು ಹುಲ್ಲಿನ ಮೇಲಿಟ್ಟು ನಕ್ಕರು. “ಈ ದೇಶದಲ್ಲಿ ನೆರಳಿಗೆ ಯಾರು ಕೂರುತ್ತಾರೆ? ಬಿಸಿಲಿಗೆ ಕೂರುತ್ತಿದ್ದೆವು, ಬೇಲಿಗೆ ಬೆನ್ನು ಕೊಟ್ಟು, ಗಾಳಿ ತಾಗದ ಹಾಗೆ.”

ಕಾಕಾ ಹೆಡ್‌ಫೋನ್ ತೆಗೆದು ಕೂತಲ್ಲೇ ಕೂತರು. ಹಿಂದಿರುಗುವಾಗ ಟ್ಯೂಬಿನಲ್ಲಿ, ಕ್ಯಾನನ್ಸ್ ಪಾರ್ಕ್ ದಾಟಿದ ಮೇಲೆ ಹೇಳಿದರು: “ಮೂವತ್ತು ವರ್ಷ ಆತು ಈ ದೇಶಕ್ಕ ಬಂದು. ಇನ್ನೂ ವಿಜಾಪುರದ ನೆಳ್ಳ ಹುಡುಕಾಕತ್ತೇನಿ ನೋಡ್ರಿ.” ಆಮೇಲೆ, “ಇದನ್ನ ನಿಮ್ಮ ಕಾಕುಗ ಹೇಳಬ್ಯಾಡ್ರಿ,” ಎಂದರು. ಮನೆಗೆ ಹೋದ ಮೇಲೆ ಮೊದಲು ಹೇಳಿದವರು ಅವರೇ. ಕಾಕು ರೊಟ್ಟಿಯ ಹಿಟ್ಟಿನ ಕೈ ಮೇಲೆತ್ತಿ, “ನನ್ನ ಕೇಳಿದ್ರ ನಾನಽ ಹೇಳ್ತಿದ್ದೆ. ದಿನಾ ಹಿತ್ತಲದಾಗ ಬಿಸಲ ಎಲ್ಲೈತಿ ಅಂತ ಕುರ್ಚಿ ಎಳಕೊಂಡು ತಿರಗಾಕಿ ನಾನು,” ಎಂದರು.

ಬೇಲಿಯ ಬಿಸಿಲು ಬೀಳುವ ದಕ್ಷಿಣದ ಮಗ್ಗುಲನ್ನು ಹುಡುಕಿ ನೋಡಿದರು. ಅಲ್ಲಿ ಕೊಂಡಿಗಳೂ ಇರಲಿಲ್ಲ. ಜನ ಕೂತ ಜಾಗದಲ್ಲಿ ಇಷ್ಟು ಖಾಲಿ ಇರುವುದಿಲ್ಲ ಎನ್ನುವುದು ಕಾಕಾರಿಗೆ ಗೊತ್ತಿತ್ತು. ಕಿಟಕಿಗೆ ಮತ್ತೆ ನಕ್ಷೆ ಏರಿತು. ಹೊಲದ ಅಂಚುಗಳನ್ನಷ್ಟೇ ಇಷ್ಟು ದಿನ ಹೊಂದಿಸಿದ್ದ ಅವರು ಈ ಸಲ ಹೊಲದ ಒಳಗನ್ನು ನೋಡಿದರು. ಈಗಿನ ನಕ್ಷೆಯಲ್ಲಿ ಒಂದೇ ಆಗಿದ್ದ ಹೊಲ ಹಳೆಯದರಲ್ಲಿ ಎರಡಾಗಿತ್ತು. ನಡುವೆ ಪೂರ್ವ ಪಶ್ಚಿಮವಾಗಿ ಇನ್ನೊಂದು ಬೇಲಿ ಇತ್ತು. ಗೌಡತಿಯನ್ನು ಕೇಳಿದರೆ ಅವರು ಹಣೆ ಮುಟ್ಟಿಕೊಂಡರು. ಮಾವ ಬದುಕಿದ್ದಾಗ ಯಂತ್ರ ತಿರುಗಲು ಅಡ್ಡಿಯೆಂದು ಅದನ್ನು ಕೀಳಿಸಿದ್ದರಂತೆ. ಅಷ್ಟು ವರ್ಷ ಆ ಬಯಲನ್ನೇ ನೋಡಿ ನೋಡಿ, ಬೇಲಿ ಎಂದರೆ ಉಳಿದದ್ದೇ ಬೇಲಿ ಎಂದು ಅವರ ಮನಸ್ಸಿಗೂ ಕೂತುಬಿಟ್ಟಿತ್ತು.

ಇಳಿಬಿಸಿಲಿನಲ್ಲಿ ಹೊಲದ ತುದಿಗೆ ನಿಂತು ನೋಡಿದರೆ ನಡುವೆ ನೆಲ ತುಸು ಉಬ್ಬಿದ್ದು ಕಾಣುತ್ತಿತ್ತು. ಕಾಕಾ ಚರ್ಚಿನ ಗೋಪುರಕ್ಕೂ ಗೇಟಿಗೂ ನೋಟ ಹಿಡಿದು, ಆ ಉಬ್ಬಿನ ದಕ್ಷಿಣದ ಮಗ್ಗುಲಿಗೆ ಹಗ್ಗ ಕಟ್ಟಿದರು. ಮೊದಲ ದಿನವೇ ಹಳೆ ರಾಜನ ತಲೆಯಿದ್ದ ಪೆನ್ನಿ ನಾಣ್ಯಗಳು ಬಂದವು. ಆಮೇಲೆ ಒಂದು ಚಮಚ, ಹೊಲಿಗೆಯ ಬೆರಳುಟೋಪಿ, ಗುಂಡಿಗಳು. “ಇಲ್ಲೇ ಕುಂತಾರ ನೋಡ್ರಿ ಮಂದಿ,” ಎಂದರು ಕಾಕಾ. ಅವರು ದನಿ ತಗ್ಗಿಸಿ ಮಾತಾಡುತ್ತಿದ್ದುದು ನನಗೆ ಆಮೇಲೆ ಗಮನಕ್ಕೆ ಬಂತು.

ಆದರೆ ಹಗ್ಗ ಉದ್ದವಿತ್ತು, ಸೆಪ್ಟೆಂಬರ್ ಸಣ್ಣದಾಗುತ್ತ ಬಂತು. ಕೊನೆಯ ಭಾನುವಾರ ಬಂದಾಗ ಇನ್ನೂ ಮೂರರಲ್ಲೊಂದು ಪಾಲು ಉಳಿದಿತ್ತು. ಅಂದು ಗೌಡರು, ಗೌಡತಿ ಇಬ್ಬರೂ ಹೊಲವನ್ನು ಕಡೆಯ ಸಲ ನೋಡಲು ಬಂದರು. ಕಾಕಾ ಅದುವರೆಗೆ ಸಿಕ್ಕಿದ್ದನ್ನು ಒಂದು ಟವೆಲಿನ ಮೇಲೆ ಹರವಿ ತೋರಿಸಿದರು. ಆ ಬೆಳಿಗ್ಗೆ ಸಿಕ್ಕಿದ್ದ ಮಡಿಸುವ ಚಾಕು ಅದರಲ್ಲಿತ್ತು. ಗೌಡರು ಅದನ್ನೆತ್ತಿ ಹಿಡಿಯ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿದರು.

“ಇದು ನಮ್ಮಪ್ಪನದು. ಕಳೆದವನು ನೀನೇ ಎಂದು ಸಾಯುವವರೆಗೂ ನನಗೆ ಹೇಳಿದ.” ಸುತ್ತ ನೋಡಿದರು. “ಹಾಗಾದರೆ ನಾವು ಉಣ್ಣುತ್ತಿದ್ದುದು ಇಲ್ಲಿ.”

ಗೌಡತಿ ಗೋಪುರದ ಕಡೆ ನೋಡಿದರು, ಗೇಟಿನ ಕಡೆ ನೋಡಿದರು. ಆಮೇಲೆ ನಿಧಾನವಾಗಿ, ಗಂಡನ ತೋಳು ಹಿಡಿದು, ಬಿಸಿಲಿಗೆ ಮುಖ ಮಾಡಿ ಹುಲ್ಲಿನ ಮೇಲೆ ಕೂತರು. ಬೆನ್ನ ಹಿಂದೆ ಬೇಲಿ ಇರಲಿಲ್ಲ.

“ನಾನೂ ಇಲ್ಲಿ ಒಂದು ಕಳೆದುಕೊಂಡಿದ್ದೇನೆ,” ಎಂದರು.

“ಉಂಗುರ ತಾನೆ?”

ಗೌಡತಿ ತಲೆಯೆತ್ತಿದರು.

“ಪ್ರತಿ ಬೇಸಿಗೆ ನಿನ್ನ ಬೆರಳು ಹಸಿರಾಗುತ್ತಿತ್ತು. ಚಿನ್ನಕ್ಕೆ ಬೆರಳು ಹಸಿರಾಗುವುದನ್ನು ನಾನೆಲ್ಲೂ ಕಂಡಿಲ್ಲ.”

“ಆದರೂ ಕೇಳಲೇ ಇಲ್ಲ ನೀನು.”

“ಕೇಳಿದ್ದರೆ ಹೊಸದು ಕೊಡಿಸಬೇಕಾಗಿತ್ತು.”

ಗೌಡತಿ ಟವೆಲಿನ ಮೇಲಿದ್ದ ಪೆನ್ನಿಯೊಂದನ್ನು ಎತ್ತಿ ಗಂಡನ ಕಾಲಿಗೆ ಎಸೆದರು. ಆಮೇಲೆ ಪಕ್ಕದ ಹುಲ್ಲನ್ನು ತಟ್ಟಿ ತೋರಿಸಿದರು. ಗೌಡರು ಕಷ್ಟಪಟ್ಟು ಕೂತರು.

ಕಾಕಾ ನನ್ನ ತೋಳು ಮುಟ್ಟಿದರು. “ನಡೀರಿ, ಆ ಕಡೆ ಗುಂಡಿ ಮುಚ್ಚೋದೈತಿ.” ನಾವು ಹೊಲದ ಇನ್ನೊಂದು ತುದಿಗೆ ಹೋದೆವು. ಅಲ್ಲಿ ಮುಚ್ಚಲು ಒಂದೇ ಗುಂಡಿಯಿತ್ತು. ಅದನ್ನು ಮುಚ್ಚಲು ಕಾಕಾ ಬಹಳ ಹೊತ್ತು ತೆಗೆದುಕೊಂಡರು.

ಅಂದು ಹಿಂದಿರುಗುವಾಗ ನಾನು, ಇದನ್ನು ಎಂದಾದರೂ ಬರೆಯುತ್ತೇನೆ ಎಂದೆ. “ಬರೀರಿ. ಆದ್ರ ಉಂಗುರ ಸಿಗಲಿಲ್ಲ ಅಂತನ ಬರೀರಿ. ಸಿಕ್ಕಂಗಾತು ಅಂತ ಬರೀಬ್ಯಾಡ್ರಿ,” ಎಂದರು ಕಾಕಾ. ಡೆಸ್ಕಿನಲ್ಲಿ ಆಮೇಲಿನ ವರ್ಷಗಳಲ್ಲಿ ಬೇರೆಯವರ ವರದಿಗಳನ್ನು ತಿದ್ದುವಾಗ ಅನೇಕ ವಾಕ್ಯಗಳನ್ನು ನಾನು ಹೊಡೆದುಹಾಕಿದ್ದು ಆ ಮಾತಿನ ಬಲದಿಂದ.

ಕಾಕಾ ಮತ್ತೆ ಬೇರೆ ಹೊಲಗಳಿಗೆ ಹೋದರು. ಎಲ್ಲೇ ಹೋದರೂ ಮೊದಲು ಸೂರ್ಯ ಯಾವ ಕಡೆ ಎಂದು ನೋಡಿ, ಆಮೇಲೆ ಗಾಳಿ ಯಾವ ಕಡೆ ಎಂದು ನೋಡುತ್ತಿದ್ದರು. 2003ರಲ್ಲಿ ಮೊಣಕಾಲು ಸೋತ ಮೇಲೆ ಹೋಗುವುದನ್ನು ನಿಲ್ಲಿಸಿದರು. ಕಿಟಕಿಗೆ ನಕ್ಷೆ ಅಂಟಿಸುವುದನ್ನು ನಿಲ್ಲಿಸಲಿಲ್ಲ. 2005ರ ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಗೌಡತಿ ಸಟನ್‌ನಿಂದ ರೈಲಿನಲ್ಲಿ ಒಬ್ಬರೇ ಬಂದಿದ್ದರು. ಕಾಕು ಮತ್ತು ಅವರು ಮುಖ ನೋಡಿದ್ದು ಅದೇ ಮೊದಲು. ಇಬ್ಬರಿಗೂ ಪರಸ್ಪರರ ಮಾತು ಅರ್ಧ ಅರ್ಥವಾಯಿತು. ಉಳಿದ ಅರ್ಧವನ್ನು ನನ್ನನ್ನು ಕೇಳಲಿಲ್ಲ.

ಹುಲ್ಲುಗಾವಲು ಈಗ ಆಟದ ಮೈದಾನ. ಮಣ್ಣು ತಂದು ಸಮ ಮಾಡಿದ್ದಾರೆ, ನಡುವಿನ ಉಬ್ಬು ಕಾಣುವುದಿಲ್ಲ. ಅಲ್ಲಿ ಮೆಟಲ್ ಡಿಟೆಕ್ಟರ್ ಬಳಸಲು ಅನುಮತಿಯಿಲ್ಲ. ಉಂಗುರ ಸಿಕ್ಕಿದ ವರದಿ ಇದುವರೆಗೆ ಬಂದಿಲ್ಲ.