ಏಕಾದಶಿಯ ಮಂತ್ರಾಕ್ಷತೆ

ಪವಾಡ, ಕನಸಿನಲ್ಲಿ ದೇವರು ಬಂದದ್ದು ಎಂದು ಯಾರಾದರೂ ಶುರು ಮಾಡಿದರೆ ಕಾಫಿಯ ನೆಪದಲ್ಲಿ ಎದ್ದು ಹೋಗುತ್ತಿದ್ದವನು ನಾನು. ಆಯಸ್ಸೆಲ್ಲ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ್ದೇನೆ. ಇದನ್ನು ಬರೆಯಲು ನನಗೇ ಸ್ವಲ್ಪ ನಾಚಿಕೆಯಾಗುತ್ತಿದೆ.

ನನ್ನ ಹೆಂಡತಿ ಪದ್ಮಾ ರಾಯರ ಭಕ್ತೆ. ಗುರುವಾರ ಬಂತೆಂದರೆ ಯಡಿಯೂರಿನ ನಮ್ಮ ಮನೆಗೆ ಹತ್ತಿರದ ಮಠಕ್ಕೆ ಹೋಗಲೇಬೇಕು. ನಾನು ಸ್ಕೂಟರಿನಲ್ಲಿ ಬಿಟ್ಟು, ಗೇಟಿನ ಹೊರಗೆ ಪೇಪರ್ ಓದುತ್ತಾ ನಿಲ್ಲುತ್ತಿದ್ದೆ.

"ಒಳಗೆ ಬಂದ್ರೆ ರಾಯರೇನು ನಿಮ್ಮನ್ನ ಕಟ್ಟಿಹಾಕ್ತಾರಾ?" ಎಂದು ಛೇಡಿಸುತ್ತಿದ್ದಳು. ಆದರೂ ನಾನು ಹೋಗುತ್ತಿರಲಿಲ್ಲ.

ನನ್ನ ಕಣ್ಣಿನ ಆಪರೇಷನ್ ಚೆನ್ನಾಗಿ ಆದರೆ ಏಳು ದಿನ ಪ್ರದಕ್ಷಿಣೆ ಹಾಕುವುದಾಗಿ ಅವಳು ಹರಕೆ ಹೊತ್ತಿದ್ದಳು. ಐದು ದಿನ ಮುಗಿಸಿದಳು. ಆರನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದವಳು ಮತ್ತೆ ಏಳಲಿಲ್ಲ.

ಆಮೇಲೆ ಒಂದು ಲೋಟ ಅಕ್ಕಿ ಇಟ್ಟರೆ ರಾತ್ರಿಗೂ ಮಿಗುತ್ತಿತ್ತು. ಹಾಲಿನವನ ಹತ್ತಿರ ಎರಡು ಮಾತು ಆಡಿದರೆ ಆ ದಿನದ ಮಾತು ಮುಗಿದ ಹಾಗೆಯೇ. ಅವಳು ಅರ್ಧಕ್ಕೆ ಬಿಟ್ಟು ಹೋದ ಕೆಲಸ ಆ ಹರಕೆಯೊಂದೇ. ನಂಬಿಕೆ ಇರಲಿ ಬಿಡಲಿ, ಉಳಿದ ಎರಡು ದಿನವನ್ನು ನಾನು ಮುಗಿಸಿಕೊಡಬೇಕು ಎನಿಸಿತು.

ಒಂದು ಸಂಜೆ ಹೋದೆ. ಅರ್ಚಕರೊಬ್ಬರು ದೀಪದ ಪಕ್ಕ ಕೂತಿದ್ದರು, ಬೇರೆ ಯಾರೂ ಇರಲಿಲ್ಲ. ಗೋಡೆಯ ಬೋರ್ಡು ಓದಿ ಶರ್ಟು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು ರಾಯರ ಬೃಂದಾವನವನ್ನು ಸುತ್ತತೊಡಗಿದೆ. ಹದಿನೈದನೆಯದೋ ಹದಿನಾರನೆಯದೋ ಸುತ್ತಿನಲ್ಲಿ, ಹಿಂಭಾಗಕ್ಕೆ ಬಂದಾಗ, ಅಳು ಒತ್ತರಿಸಿಕೊಂಡು ಬಂತು. ಗೋಡೆಗೆ ಕೈಯೂರಿ ತಲೆ ತಗ್ಗಿಸಿ ನಿಂತೆ. ಆಗ ಹಿಂದಿನಿಂದ ಯಾರೋ ನನ್ನ ತಲೆಯ ಮೇಲೆ ಮಂತ್ರಾಕ್ಷತೆ ಹಾಕಿದರು. ಇನ್ನೂ ಒದ್ದೆಯಾಗಿದ್ದ ಕಾಳುಗಳು ಬರಿಮೈಗೆ ತಣ್ಣಗೆ ಅಂಟಿಕೊಂಡವು. ಅರ್ಚಕರು ಕನಿಕರಪಟ್ಟು ಹಾಕಿರಬೇಕು ಎಂದುಕೊಂಡು ಹಾಗೆಯೇ ಮುಂದೆ ನಡೆದೆ.

ಕೊನೆಗೆ ಅವರಿಗೆ ಕೈಮುಗಿದು, ಮಂತ್ರಾಕ್ಷತೆ ಹಾಕಿದಿರಿ, ಸಮಾಧಾನವಾಯಿತು ಎಂದೆ.

"ನಾನು ಕೂತಲ್ಲಿಂದ ಎದ್ದೇ ಇಲ್ಲ ಸಾರ್. ಇವತ್ತು ಏಕಾದಶಿ. ಮಂತ್ರಾಕ್ಷತೆ ಕಲಸೋದೂ ಇಲ್ಲ, ಯಾರಿಗೂ ಕೊಡೋದೂ ಇಲ್ಲ."

ಪದ್ಮಾಳಿಗಾದರೆ ತಿಥಿ ಬಾಯಲ್ಲೇ ಇರುತ್ತಿತ್ತು. ನಾನು ಅದನ್ನೆಲ್ಲ ನೋಡಿಕೊಂಡು ಹೋದವನೇ ಅಲ್ಲ. ಕತ್ತಿನಿಂದ ಎರಡು ಕೆಂಪು ಕಾಳು ಬಿಡಿಸಿ ತೋರಿಸಿದೆ. ಅವರು ದೀಪದ ಬೆಳಕಿಗೆ ಬಗ್ಗಿ ನೋಡಿ, "ಮನೇಲಿ ಇಟ್ಕೊಳ್ಳಿ" ಎಂದಷ್ಟೇ ಹೇಳಿದರು.

ಹಿಂದಿನ ದಿನದ ಕಾಳು ಮೇಲಿನಿಂದ ಉದುರಿರಬಹುದೇ ಎಂದು ಯೋಚಿಸಿದ್ದೇನೆ. ಹಾಗಾದರೆ ಒದ್ದೆ ಎಲ್ಲಿಂದ ಬಂತು? ಮರುದಿನ ಹೋಗಿ ಹರಕೆ ಮುಗಿಸಿದೆ, ಏನೂ ಆಗಲಿಲ್ಲ. ಆಮೇಲಿನ ಎಷ್ಟೋ ಏಕಾದಶಿಗಳಲ್ಲಿ ಅದೇ ಜಾಗದಲ್ಲಿ ನಿಂತು ಬಂದಿದ್ದೇನೆ. ಏನೂ ಆಗಿಲ್ಲ.

ಯಾರು ಹಾಕಿದರೋ ಇಂದಿಗೂ ಗೊತ್ತಿಲ್ಲ. ನೀವು ಏನು ಬೇಕಾದರೂ ಎಂದುಕೊಳ್ಳಿ. ನನ್ನ ಕೊರಗು ಬೇರೆ. ಅಷ್ಟು ಹತ್ತಿರದಲ್ಲಿ ಯಾರೋ ಬಂದು ನಿಂತಿದ್ದರು, ಅಳುವ ಮುಖ ಕಾಣಿಸಬಾರದೆಂದು ನಾನು ತಿರುಗಿ ನೋಡಲಿಲ್ಲ.